ಹಳೇ ಜಾವಾ, ಯೆಜ್ಡಿ ಕೈಕೊಟ್ಟಾಗ: ಎಂಜಿನ್ ಬಿಚ್ಚುವ ಮೊದಲು ನೋಡಬೇಕಾದ್ದು

ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಿದ್ದ ಕೊನೆಯ ಗಾಡಿಗೂ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ. ಅರವತ್ತರ ದಶಕದ ಜಾವಾಗಳ ವಯಸ್ಸು ನೀವೇ ಲೆಕ್ಕ ಹಾಕಿ. ಆದರೂ ಈ 250 ಸಿಸಿ ಟೂ ಸ್ಟ್ರೋಕ್ ಎಂಜಿನ್ ಮನೆಯಲ್ಲಿ ಕೂತು ರಿಪೇರಿ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ. ಒಂದೇ ಸಿಲಿಂಡರ್, ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಹೆಚ್ಚಿನವುಗಳಲ್ಲಿ ಆಯಿಲ್ ಪಂಪೂ ಇಲ್ಲ. ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್‌ನಲ್ಲೇ ಅದರ ಜೀವನ.

ಈ ಗಾಡಿಗಳು ಹಾಳಾಗುವುದಕ್ಕಿಂತ ಹಾಳು ಮಾಡಿಸಿಕೊಳ್ಳುವುದೇ ಜಾಸ್ತಿ. ಕಂಡೆನ್ಸರ್ (ಕಿಡಿ ವ್ಯವಸ್ಥೆಯ ಒಂದು ಪುಟ್ಟ ಭಾಗ) ಹೋಗಿರುತ್ತೆ, ಕಾರ್ಬೊರೇಟರ್ ಬಿಚ್ಚುತ್ತಾರೆ. ಸೀಲ್ (ಆಯಿಲ್, ಗಾಳಿ ಸೋರದಂತೆ ತಡೆಯುವ ಬಳೆ) ಹೋಗಿರುತ್ತೆ, ರೀಬೋರ್ (ಸಿಲಿಂಡರ್ ಕೊರೆದು ಅಗಲಿಸುವುದು) ಮಾಡಿಸುತ್ತಾರೆ. ಅದಕ್ಕೇ ಇಲ್ಲಿ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನದಕ್ಕೆ ಹೋಗೋಣ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್), ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಣುಕು) ಎಲ್ಲ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಕೈ ಹಚ್ಚುವ ಮೊದಲು

ಪೆಟ್ರೋಲ್ ಕೆಲಸ ಬಯಲಲ್ಲೇ ಆಗಬೇಕು. ಪಕ್ಕದಲ್ಲಿ ದೀಪ, ಬೀಡಿ, ಗೀಸರ್ ಯಾವುದೂ ಬೇಡ. ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಉರಿಯುವ ಪೆಟ್ರೋಲ್ ಮೇಲೆ ನೀರು ಸುರಿದರೆ ಬೆಂಕಿ ಹರಡುತ್ತೆ, ಆರುವುದಿಲ್ಲ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕಿಕ್ ಹೊಡೆಯುವಾಗ ಕಾಲಲ್ಲಿ ಶೂ ಇರಲಿ. ಹಳೇ ಕ್ಲಚ್ ಪ್ಲೇಟ್, ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳನ್ನು ಊದಿ ತೆಗೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸಾಮಾನು ತುಂಬಾ ಏನೂ ಬೇಡ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ಒಳ್ಳೆಯ ಸ್ಕ್ರೂ ಡ್ರೈವರ್, ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್, ಮತ್ತು ಒಂದು ಹೊಸ ಪ್ಲಗ್.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗ್ತಿಲ್ಲ

ಮೊದಲು ಪ್ಲಗ್ ಬಿಚ್ಚಿ. ಅರ್ಧ ಉತ್ತರ ಅದರ ತುದಿಯಲ್ಲೇ ಇರುತ್ತೆ.

ಐದಾರು ಕಿಕ್ ಆದಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ. ಟ್ಯಾಪ್ ಆನ್ ಇದೆಯಾ, ರಿಸರ್ವ್‌ಗೆ ತಿರುಗಿಸಬೇಕಾ ನೋಡಿ. ನಗಬೇಡಿ, ಇದನ್ನು ಮರೆಯದವರೇ ಇಲ್ಲ. ಆಮೇಲೆ ಕಾರ್ಬೊರೇಟರ್ ಕಡೆಯಿಂದ ಪೈಪ್ ಕಿತ್ತು ಒಂದು ಬಾಟಲಿಗೆ ಹಿಡಿಯಿರಿ. ಪೆಟ್ರೋಲ್ ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಟ್ಯಾಪಿನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿದೆ. ಧಾರೆ ಚೆನ್ನಾಗಿದ್ದರೆ ಫ್ಲೋಟ್ ಬೌಲ್ ಬಿಚ್ಚಿ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ದುಂಡಗಿನ ಚುಕ್ಕೆ ಬೆಳಕು ಕಾಣಬೇಕು. ಕಟ್ಟಿದ್ದರೆ ಗಾಳಿ ಹೊಡೆದು ತೆಗೆಯಿರಿ. ಪಿನ್ನು, ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತೆ, ಅದರ ಫಲ ಆಮೇಲೆ ಹೊಗೆಯಲ್ಲಿ ಕಾಣುತ್ತೆ.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕರೆಂಟ್ ಬಂದಿಲ್ಲ. ಅಥವಾ ಪೆಟ್ರೋಲ್ ಜಾಸ್ತಿ ಬಂದಿದೆ. ಟ್ಯಾಪ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆ ಹತ್ತು ಸಲ ಕಿಕ್ ಹೊಡೆದರೆ ಒಳಗೆ ತುಂಬಿದ ಪೆಟ್ರೋಲ್ ಹೊರಗೆ ಬರುತ್ತೆ. ಆದರೆ ಎಚ್ಚರ, ಪ್ಲಗ್ ತೂತಿನಿಂದ ಚಿಮ್ಮುವುದು ಪೆಟ್ರೋಲಿನ ಮಂಜು. ಆಗ ಕೀ ಆಫ್ ಇರಲೇಬೇಕು. ಇಗ್ನಿಷನ್ ಆನ್ ಇಟ್ಟು ಹೀಗೆ ಮಾಡಿದರೆ ಬೆಂಕಿ ಹತ್ತುತ್ತೆ.

ಕರೆಂಟ್ ನೋಡುವುದು ಅದಾದ ಮೇಲೆ. ಚಿಮ್ಮಿದ ಪೆಟ್ರೋಲ್ ಒರೆಸಿ, ಆವಿ ಹೋಗಲು ಸ್ವಲ್ಪ ಹೊತ್ತು ಬಿಡಿ, ಪ್ಲಗ್ ತೂತಿಗೆ ಒಣ ಬಟ್ಟೆ ತುರುಕಿ. ಹೊಸ ಪ್ಲಗ್ ಅನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ ಅದರ ಲೋಹದ ಮೈ ಎಂಜಿನ್‌ಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಚಟ್ ಅಂತ ಸದ್ದು ಮಾಡುವ ನೀಲಿ ಕಿಡಿ ಬೇಕು. ಸಣಕಲು ಕೆಂಪು ಕಿಡಿ ಹೊರಗೆ ಗಾಳಿಯಲ್ಲಿ ಕಂಡರೂ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಸಾಯುತ್ತೆ. ವೈರ್ ಕಿತ್ತು ಗಾಳಿಯಲ್ಲಿ ನೇತಾಡಿಸಿ ಕಿಕ್ ಹೊಡೆಯಬೇಡಿ, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ಕಾಯಿಲ್‌ಗೆ ಕೆಟ್ಟದ್ದು.

ಕಿಡಿ ಇಲ್ಲವಾ? ಡೈನಮೋ ಇರುವ ಹಳೇ ಮಾದರಿಗಳಲ್ಲಿ ಕಾಯಿಲ್‌ಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ಕೀ ಹಾಕಿದಾಗ ಕೆಂಪು ದೀಪ ಮಂಕಾಗಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ. ಆಮೇಲೆ ಬಲಗಡೆಯ ಕವರ್ ಬಿಚ್ಚಿ ಪಾಯಿಂಟ್ ನೋಡಿ. ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರಬೇಕು. ಪಾಯಿಂಟ್ ಮೇಲೆ ಎಣ್ಣೆ ಇದ್ದರೆ ಒರೆಸಿ ಸುಮ್ಮನಾಗಬೇಡಿ. ಆ ಎಣ್ಣೆ ಎಲ್ಲಿಂದ ಬಂತು ಅನ್ನುವುದು ಮುಂದೆ ಸೀಲಿನ ಮಾತಲ್ಲಿ ಬರುತ್ತೆ. ಕೊನೆಯ ವರ್ಷಗಳ ಕೆಲವು ರೋಡ್‌ಕಿಂಗ್‌ಗಳಲ್ಲಿ ಪಾಯಿಂಟ್ ಬದಲು ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಇದೆ. ಅಲ್ಲಿ ಕನೆಕ್ಟರ್ ಮತ್ತು ಅರ್ಥ್ ಒರೆಸಿ ನೋಡುವುದಷ್ಟೇ ನಮ್ಮ ಕೆಲಸ. ಯೂನಿಟ್ ಹೋಗಿದೆಯಾ ಅಂತ ನೋಡಲು ಬೇರೆ ಗಾಡಿಯದ್ದನ್ನು ಹಾಕಿ ನೋಡಬೇಕು.

ಇನ್ನೊಂದು ಮಾತು. ತಿಂಗಳುಗಟ್ಟಲೆ ನಿಂತ ಗಾಡಿಯ ಬೌಲ್‌ನಲ್ಲಿ ಪೆಟ್ರೋಲ್ ಆವಿಯಾಗಿ ಬರೀ ಆಯಿಲ್ ಉಳಿದಿರುತ್ತೆ. ಟ್ಯಾಂಕಿನದ್ದೂ ಹಳೆಯದು. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20ರಷ್ಟು ಎಥನಾಲ್ ಬೆರೆತ) ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಮಳೆಗಾಲವಿಡೀ ನಿಂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಪಾಯಿಂಟ್ ಗೀಚುವ ಮೊದಲು ಹಳೇ ಪೆಟ್ರೋಲ್ ಖಾಲಿ ಮಾಡಿ. ಹಳೇ ರಬ್ಬರ್ ಪೈಪ್ ಊದಿಕೊಂಡು ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ.

ಕಿಕ್ ತಿರುಗಿ ಹೊಡೆಯುತ್ತಿದೆ

ಇಗ್ನಿಷನ್ ಟೈಮಿಂಗ್ ತುಂಬಾ ಮುಂದಿದೆ. ಪಾಯಿಂಟ್ ಪ್ಲೇಟಿನ ಸ್ಕ್ರೂ ಸಡಿಲವಾಗಿ ತಾನೇ ಜರುಗಿರಬಹುದು, ಅಥವಾ ಅಂತರ ದೊಡ್ಡದಾಗಿರಬಹುದು. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆಯುತ್ತೆ, ಕಿಡಿಯೂ ಬೇಗ ಬೀಳುತ್ತೆ. ಹಾಗಾಗಿ ಮೊದಲು ಅಂತರ, ಆಮೇಲೆ ಟೈಮಿಂಗ್. ಈ ಕ್ರಮ ತಪ್ಪಿದರೆ ಎರಡನ್ನೂ ಮತ್ತೆ ಮಾಡಬೇಕು.

ಪಿಸ್ಟನ್ ಮೇಲ್ತುದಿ ಮುಟ್ಟುವ ಸುಮಾರು 3 ಮಿ.ಮೀ. ಮೊದಲು ಪಾಯಿಂಟ್ ತೆರೆಯಬೇಕು. ನಿಮ್ಮ ಮಾದರಿಯ ನಿಖರ ಅಂಕಿ ಮ್ಯಾನುಯಲ್‌ನಲ್ಲಿದೆ. ಪ್ಲಗ್ ತೂತಿನಲ್ಲಿ ಡೆಪ್ತ್ ಗೇಜ್ ಇಟ್ಟು ಅಳೆಯಿರಿ. ತೆರೆಯುವ ಕ್ಷಣ ಹಿಡಿಯಲು ಟೆಸ್ಟ್ ಲ್ಯಾಂಪನ್ನು ಪಾಯಿಂಟ್ ಮತ್ತು ಎಂಜಿನ್ ಮೈಗೆ ತಾಗಿಸಿ. ಕೀ ಆನ್ ಇದ್ದಾಗ ಪಾಯಿಂಟ್ ತೆರೆದೊಡನೆ ದೀಪ ಹತ್ತುತ್ತೆ. ಕೆಲಸ ಮುಗಿದ ತಕ್ಷಣ ಕೀ ತೆಗೆಯಿರಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಉಳಿದರೆ ಕಾಯಿಲ್ ಬಿಸಿಯಾಗುತ್ತೆ, ಬ್ಯಾಟರಿಯೂ ಇಳಿಯುತ್ತೆ.

ಟೂ ಸ್ಟ್ರೋಕ್ ಎಂಜಿನ್ ಒಮ್ಮೊಮ್ಮೆ ಉಲ್ಟಾ ದಿಕ್ಕಿಗೇ ಸ್ಟಾರ್ಟ್ ಆಗಿಬಿಡುತ್ತೆ. ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತೆ. ತಮಾಷೆಯಾಗಿ ಕಂಡರೂ ಟೈಮಿಂಗ್ ಸರಿ ಮಾಡುವ ತನಕ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಬಿಸಿಯಾದಮೇಲೆ ನಿಲ್ಲುತ್ತೆ, ತಣ್ಣಗಾದರೆ ಮತ್ತೆ ಸ್ಟಾರ್ಟ್

ಜಾಸ್ತಿ ದುಡ್ಡು ವ್ಯರ್ಥವಾಗುವುದು ಇದರಲ್ಲೇ. ಗಾಡಿ ದಾರಿಯಲ್ಲಿ ನಿಲ್ಲುತ್ತೆ, ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ತಣ್ಣಗಾಗಿ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ. ಅವರಾದರೂ ಏನು ಹುಡುಕಬೇಕು? ಊಹೆ ಮೇಲೆ ಒಂದೊಂದೇ ಪಾರ್ಟ್ ಬದಲಾಗುತ್ತಾ ಹೋಗುತ್ತೆ. ಈ ದೋಷವನ್ನು ನಿಂತ ಜಾಗದಲ್ಲೇ, ನಿಂತ ಎರಡು ನಿಮಿಷದಲ್ಲೇ ಹಿಡಿಯಬೇಕು.

ಗಾಡಿಯನ್ನು ರಸ್ತೆ ಬದಿಗೆ ತಂದು ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಸ್ ಅಂತ ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿಸಿದರೆ, ಮುಚ್ಚಳ ತೆರೆದಮೇಲೆ ಗಾಡಿ ಓಡಿದರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದಂತೆ ಟ್ಯಾಂಕಿಗೆ ಗಾಳಿ ಬರದೆ ಹರಿವು ನಿಂತಿದೆ. ಖರ್ಚು ಸೊನ್ನೆ, ತೂತು ಚೊಕ್ಕ ಮಾಡಿದರೆ ಮುಗೀತು. ಸುಂದರವಾಗಿ ಕಾಣಲಿ ಅಂತ ಟ್ಯಾಂಕ್ ಕವರ್ ಹಾಕಿಸಿದ ಗಾಡಿಗಳಲ್ಲೂ ಇದು ಆಗುತ್ತೆ.

ಸದ್ದು ಬರಲಿಲ್ಲವಾ? ಗ್ಲೌಸೋ ದಪ್ಪ ಬಟ್ಟೆಯೋ ಇಟ್ಟುಕೊಂಡು ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ, ಬಿಗಿಯಾಗಿದ್ದರೆ ಒತ್ತಾಯ ಬೇಡ. ಅಲ್ಯೂಮಿನಿಯಂ ಹೆಡ್‌ನ ಮರೆ (ಪ್ಲಗ್ ಕೂರುವ ಥ್ರೆಡ್) ಬಿಸಿಯಲ್ಲಿ ಸುಲಭವಾಗಿ ಕಿತ್ತು ಬರುತ್ತೆ. ಪ್ಲಗ್‌ನ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಕರಿ ಸೇತುವೆ ಕಟ್ಟಿದ್ದರೆ ಅದೇ ಕಾರಣ. ಟೂ ಸ್ಟ್ರೋಕ್‌ನಲ್ಲಿ ಕಾರ್ಬನ್ ಚೂರು ಹೀಗೆ ಸಿಕ್ಕಿಕೊಂಡು ಕಿಡಿಯನ್ನೇ ಕೊಲ್ಲುತ್ತೆ. ಉಗುರಲ್ಲಿ ತೆಗೆದು ಹಾಕಿದರೆ ಮನೆ ತಲುಪಬಹುದು.

ಪ್ಲಗ್ ಚೆನ್ನಾಗಿದೆ, ಒದ್ದೆಯಿದೆ, ಆದರೆ ಕಿಡಿ ಇಲ್ಲ ಅಥವಾ ಸಣ್ಣದಾಗಿದೆ. ಈಗ ಕಂಡೆನ್ಸರ್ ಮೇಲೆ ಅನುಮಾನ. ಕವರ್ ತೆಗೆದು ಪಾಯಿಂಟ್ ನೋಡುತ್ತಾ ಯಾರಿಂದಲಾದರೂ ಕಿಕ್ ಹೊಡೆಸಿ. ಪಾಯಿಂಟ್ ನಡುವೆ ದೊಡ್ಡ ಬಿಳಿ ನೀಲಿ ಕಿಡಿಗಳು ಹಾರುತ್ತಿದ್ದರೆ ಕಂಡೆನ್ಸರ್ ಕೆಲಸ ಬಿಟ್ಟಿದೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ ಎದ್ದಿರುವುದೂ ಅದರದ್ದೇ ಗುರುತು. ಬಿಸಿಯಾದಾಗ ಅದರೊಳಗಿನ ಇನ್ಸುಲೇಶನ್ ಸೋಲುತ್ತೆ, ತಣ್ಣಗಾದರೆ ಚೇತರಿಸಿಕೊಳ್ಳುತ್ತೆ. ಬೆಲೆ ಕಡಿಮೆ, ಆದ್ದರಿಂದ ಕಾಯಿಲ್‌ಗೆ ಕೈ ಹಾಕುವ ಮೊದಲು ಇದನ್ನೇ ಬದಲಿಸಿ. ಒಂದು ಕಷ್ಟ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿಯೇ ಇರಲಿ, ನಿಮ್ಮೂರ ಅಂಗಡಿಯೇ ಇರಲಿ, ಈಗ ಸಿಗುವ ಹೊಸ ಕಂಡೆನ್ಸರ್‌ಗಳೆಲ್ಲ ಒಂದೇ ಗುಣಮಟ್ಟದವಲ್ಲ. ಹೊಸದು ಹಾಕಿದಮೇಲೂ ಅದೇ ರೋಗ ಕಂಡರೆ ಇನ್ನೊಂದು ಹೊಸದನ್ನು ಹಾಕಿ ನೋಡಿಯೇ ಕಾಯಿಲ್ ಕಡೆ ಹೋಗಿ. ಕಾಯಿಲ್ ಹೋಗಿದ್ದರೂ ಲಕ್ಷಣ ಇದೇ. ಆದರೆ ಆಗ ಪಾಯಿಂಟಿನಲ್ಲಿ ಆ ದೊಡ್ಡ ಕಿಡಿ ಸಾಮಾನ್ಯವಾಗಿ ಕಾಣಲ್ಲ.

ಇವೆಲ್ಲ ಸರಿಯಿದ್ದು, ಬಿಸಿ ಎಂಜಿನ್‌ನಲ್ಲಿ ಕಿಕ್ ಮಾತ್ರ ಹಗುರವಾಗಿದ್ದರೆ ಕಂಪ್ರೆಷನ್ ಕಡಿಮೆಯಾಗಿದೆ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು, ನಿಧಾನಕ್ಕೆ ತಿರುಗಿಸಿ, ಪ್ಲಗ್ ಹಾಕಿ ಕಿಕ್ ಮಾಡಿ. ಕಿಕ್ ಗಟ್ಟಿಯಾದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಬೋರ್ ಸವೆದಿದೆ. ಬದಲಾವಣೆ ಇಲ್ಲದಿದ್ದರೆ ಹೆಡ್ ಸೋರುತ್ತಿರಬಹುದು, ನಟ್‌ಗಳ ಬಿಗಿ ನೋಡಿ.

ಬಿಳಿ ಹೊಗೆ ನಿಲ್ಲುತ್ತಲೇ ಇಲ್ಲ

ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳ ಹೊಗೆಗೆ ತಲೆ ಕೆಡಿಸಿಕೊಳ್ಳಬೇಡಿ. ಗಾಡಿ ಬಿಸಿಯಾಗಿ ಹತ್ತು ಕಿಲೋಮೀಟರ್ ಓಡಿದ ಮೇಲೂ ಹಿಂದಿನವರು ಹಾರ್ನ್ ಹೊಡೆಯುವಷ್ಟು ಹೊಗೆ ಇದ್ದರೆ ಯೋಚಿಸಿ.

ಮೊದಲು ಅಳತೆ. ಹಳೇ ಲೆಕ್ಕದಲ್ಲಿ ಲೀಟರಿಗೆ 40 ಮಿ.ಲೀ. ಆಯಿಲ್, ಅಂದರೆ 25ಕ್ಕೆ 1. ಬಂಕಿನಲ್ಲಿ ಕಣ್ಣಂದಾಜಿಗೆ ಸುರಿದರೆ ಇದು ದುಪ್ಪಟ್ಟಾಗುವುದು ಸುಲಭ. ಅಳತೆ ಪಾತ್ರೆ ಇಟ್ಟುಕೊಳ್ಳಿ.

ಅಳತೆ ಸರಿಯಿದ್ದೂ ಹೊಗೆ ಬಂದರೆ ಗೇರ್‌ಬಾಕ್ಸ್ ಆಯಿಲ್ ಮಟ್ಟ ಗುರುತು ಮಾಡಿ, ಕೆಲವು ದಿನ ಓಡಿಸಿ, ಮತ್ತೆ ನೋಡಿ. ಕೆಳಗೆ ಒಂದು ಹನಿ ಸೋರದೆ ಮಟ್ಟ ಇಳಿದಿದ್ದರೆ ಆಯಿಲ್ ಎಲ್ಲಿಗೆ ಹೋಯ್ತು? ಎಂಜಿನ್ ಕುಡಿದಿದೆ. ಎಡಗಡೆ, ಕ್ಲಚ್ ಇರುವ ಬದಿಯಲ್ಲಿ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಮೇಲೆ ಒಂದು ಆಯಿಲ್ ಸೀಲ್ ಇದೆ. ಅದು ಗಟ್ಟಿಯಾಗಿ ಬಿರಿದರೆ ಪಿಸ್ಟನ್ ಮೇಲೆ ಹೋಗುವಾಗ ಕ್ರ್ಯಾಂಕ್‌ಕೇಸ್ ಗೇರ್ ಆಯಿಲ್ ಅನ್ನು ಒಳಗೆ ಎಳೆಯುತ್ತೆ. ದಟ್ಟ ಹೊಗೆ, ಪದೇಪದೇ ಕಪ್ಪಾಗುವ ಪ್ಲಗ್, ಸೈಲೆನ್ಸರ್ ತುದಿಯಲ್ಲಿ ಜಿಡ್ಡು. ಒಮ್ಮೊಮ್ಮೆ ಉಲ್ಟಾ ಆಗುತ್ತೆ, ಗೇರ್ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಹೊಡೆಯುತ್ತೆ. ಸೀಲ್ ಅದೇ.

ಇಂಥ ಗಾಡಿಗೆ ರಿಂಗ್ ಹೋಗಿದೆ ಅಂತ ಹೇಳಿ ರೀಬೋರ್ ಮಾಡಿಸುವುದು ತೀರಾ ಸಾಮಾನ್ಯ. ಫೋರ್ ಸ್ಟ್ರೋಕ್ ಗಾಡಿಯ ಅಭ್ಯಾಸ ಅದು. ಅಲ್ಲಿ ಹೊಗೆ ಅಂದರೆ ಹೆಚ್ಚಾಗಿ ರಿಂಗ್. ಇಲ್ಲಿ ಹೊಗೆ ಅಂದರೆ ಮೊದಲು ಅಳತೆ, ಆಮೇಲೆ ಸೀಲ್. ಬೋರ್ ಮಾಡಿಸಿದಮೇಲೂ ಹೊಗೆ ಹಾಗೇ ಇರುತ್ತೆ, ಅಲ್ವಾ? ಸೀಲ್ ಬದಲಿಸಲು ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು, ಅದಕ್ಕೆ ತಕ್ಕ ಪುಲ್ಲರ್ ಬೇಕು. ಪುಲ್ಲರ್ ಇಲ್ಲದೆ ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಕೇಸಿಂಗ್ ಹಾಳು. ಸಲಕರಣೆ ಇಲ್ಲದವರು ಇಲ್ಲಿಗೆ ನಿಲ್ಲಿಸಿ, ಈ ಗಾಡಿ ಬಲ್ಲವರ ಹತ್ತಿರ ಒಯ್ಯಿರಿ. ಸುಮ್ನೆ "ಹೊಗೆ ಬರುತ್ತೆ" ಅನ್ನಬೇಡಿ. ಗೇರ್ ಆಯಿಲ್ ಎಷ್ಟು ದಿನದಲ್ಲಿ ಎಷ್ಟು ಇಳಿದಿದೆ ಅಂತ ಹೇಳಿ.

ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುತ್ತಿಲ್ಲ

ಕೇಬಲ್ ಸಿಕ್ಕಿಕೊಂಡಿದೆಯಾ, ಕಾರ್ಬೊರೇಟರಿನ ಸ್ಲೈಡ್ ಕೆಳಗೆ ಕೂರುತ್ತಿದೆಯಾ ನೋಡಿ. ಅದು ಸರಿಯಿದ್ದರೆ ಎಲ್ಲಿಂದಲೋ ಗಾಳಿ ಕಳ್ಳತನದಲ್ಲಿ ಒಳಗೆ ಹೋಗುತ್ತಿದೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ಕೂಡುವ ಜಾಗದ ಸುತ್ತ ದಪ್ಪಗೆ ಗ್ರೀಸ್ ಬಳಿಯಿರಿ. ಐಡ್ಲಿಂಗ್ ಇಳಿದರೆ ಸೋರಿಕೆ ಅಲ್ಲೇ, ಪ್ಯಾಕಿಂಗ್ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವ ವಿಧಾನ ಕೆಲವರು ಹೇಳಿಕೊಡುತ್ತಾರೆ, ದಯವಿಟ್ಟು ಬೇಡ.

ಗ್ರೀಸ್‌ನಿಂದ ವ್ಯತ್ಯಾಸ ಕಾಣದಿದ್ದರೆ ಬಲಗಡೆ, ಡೈನಮೋ ಹಿಂದಿನ ಸೀಲ್ ನೋಡಿ. ಪಾಯಿಂಟ್ ಮೇಲೆ ಎಣ್ಣೆ ಕೂತಿದ್ದರೆ ಅದೇ ಸಾಕ್ಷಿ. ಇದನ್ನು ಮುಂದೂಡಬೇಡಿ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆ, ಪ್ಲಗ್ ಬಿಳಿಚಿಕೊಳ್ಳುತ್ತೆ, ಪಿಸ್ಟನ್ ಸೀಜ್ ಆಗುತ್ತೆ (ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ).

ಎಂಜಿನ್ ತಾನೇ ಚೀರುತ್ತಾ ಏರಿ ಕೀ ತೆಗೆದರೂ ನಿಲ್ಲದಿದ್ದರೆ ಚೋಕ್ ಎಳೆಯಿರಿ, ಇಲ್ಲವೇ ಗಾಳಿ ಒಳಹೋಗುವ ಬಾಯಿಗೆ ದಪ್ಪ ಬಟ್ಟೆ ತುರುಕಿ. ಬರಿಗೈ ಇಡಬೇಡಿ.

ಪಿಕಪ್ ಇಲ್ಲ, ಏರಿನಲ್ಲಿ ಸೊರಗುತ್ತೆ

ಮೊದಲು ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದಿದ್ದರೆ ಎಂಜಿನ್ ಮೇಲೆ ಆರೋಪ ಬೇಡ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಈ ಗಾಡಿಗಳಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ಬಿಡುವ ವ್ಯವಸ್ಥೆ ಇರುವುದರಿಂದ ಕೇಬಲ್ ಮತ್ತು ಲಿವರ್ ಎರಡರ ಆಟವನ್ನೂ ನೋಡಬೇಕು.

ಎರಡು ಸೈಲೆನ್ಸರ್ ಹಿಂದೆ ಕೈ ಹಿಡಿದು ಗಾಳಿ ಹೋಲಿಸಿ. ಒಂದರಲ್ಲಿ ಕಡಿಮೆ ಇದ್ದರೆ ಕಾರ್ಬನ್ ಕಟ್ಟಿದೆ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ತೆಗೆದು ಕೆರೆಯಿರಿ. ಕಾಸ್ಟಿಕ್ ಸೋಡಾದಲ್ಲಿ ನೆನೆಸುವುದಾದರೆ ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಏನನ್ನೂ ಅದರಲ್ಲಿ ಮುಳುಗಿಸಬೇಡಿ, ತಿಂದು ಹಾಕುತ್ತೆ. ಎಗ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಬಾಯಿ) ಕೆರೆಯುವಾಗ ಪಿಸ್ಟನ್ ಮೇಲಕ್ಕೆ ತಂದು ಪೋರ್ಟ್ ಮುಚ್ಚಿ, ಬಿದಿರಿನ ಚೂರಿನಿಂದ ಕೆರೆಯಿರಿ.

ಓಡುತ್ತಾ ಇದ್ದಂತೆ ಹಿಂದಕ್ಕೆ ಎಳೆದ ಹಾಗಾಯ್ತು

ಸೀಜ್ ಶುರುವಾಗಿದೆ. ತಕ್ಷಣ ಕ್ಲಚ್ ಹಿಡಿದು ಬದಿಗೆ ಬನ್ನಿ. ತಡ ಮಾಡಿದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳಿಸುತ್ತೆ. ಅರ್ಧ ಗಂಟೆ ಮುಟ್ಟಬೇಡಿ, ನೀರು ಸುರಿಯಬೇಡಿ. ತಣ್ಣಗಾದಮೇಲೆ ಕಿಕ್ ತಿರುಗಿ ಗಾಡಿ ಸ್ಟಾರ್ಟ್ ಆದರೂ ಗೆದ್ದೆ ಅಂದುಕೊಳ್ಳಬೇಡಿ. ಎಗ್ಸಾಸ್ಟ್ ಪೈಪ್ ಕಳಚಿ ಪೋರ್ಟ್‌ನೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಮೈ ಕಾಣುತ್ತೆ. ಉದ್ದುದ್ದ ಗೀರು, ಮೆತ್ತಿದ ಅಲ್ಯೂಮಿನಿಯಂ ಕಂಡರೆ ಸಿಲಿಂಡರ್ ಬಿಚ್ಚಲೇಬೇಕು. ಮತ್ತೆ ಜೋಡಿಸುವ ಮೊದಲು ಕಾರಣ ಹುಡುಕಿ. ಆಯಿಲ್ ಕಡಿಮೆಯಿತ್ತಾ, ಗಾಳಿ ಸೋರಿತ್ತಾ, ಟೈಮಿಂಗ್ ಮುಂದಿತ್ತಾ? ಕಾರಣ ಬಿಟ್ಟು ಪಿಸ್ಟನ್ ಮಾತ್ರ ಬದಲಿಸಿದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತೆ.

ಒಳಗಿಂದ ಬಡಿತದ ಸದ್ದು

ತಣ್ಣಗಿದ್ದಾಗ ಟಕಟಕ ಅಂದು, ಬಿಸಿಯಾದಾಗ ಕಡಿಮೆಯಾದರೆ ಪಿಸ್ಟನ್ ಸ್ವಲ್ಪ ಸಡಿಲ. ಅವಸರ ಇಲ್ಲ. ಆಕ್ಸಿಲರೇಟರ್ ತೆರೆದಾಗ, ಏರು ಹತ್ತುವಾಗ ಆಳದಿಂದ ಟೊಕ್ ಟೊಕ್ ಬಂದರೆ ಬಿಗ್ ಎಂಡ್, ಅಂದರೆ ಪಿಸ್ಟನ್ ಮತ್ತು ಕ್ರ್ಯಾಂಕ್ ಸೇರಿಸುವ ಕಾನ್‌ರಾಡ್‌ನ ಕೆಳತುದಿಯ ಬೇರಿಂಗ್. ವೇಗಕ್ಕೆ ತಕ್ಕ ಹಾಗೆ ಗರ್ ಅಂದರೆ ಮೇನ್ ಬೇರಿಂಗ್.

ಕೊನೆಯ ಎರಡಕ್ಕೂ ಗಾಡಿ ನಿಲ್ಲಿಸಿ. ಓಡಿಸಿಕೊಂಡು ಗ್ಯಾರೇಜ್‌ಗೆ ಹೋಗುವುದೂ ಬೇಡ, ಟೆಂಪೋದಲ್ಲಿ ಹಾಕಿಸಿ. ಕಾನ್‌ರಾಡ್ ಮುರಿದರೆ ಕ್ರ್ಯಾಂಕ್‌ಕೇಸ್ ಒಡೆಯುತ್ತೆ. ಕಾನ್‌ರಾಡ್ ಕಿಟ್ ಸಿಗುತ್ತೆ, ಒಳ್ಳೆಯ ಕೇಸ್ ಸಿಗುವುದು ಕಷ್ಟ. ಈ ಕ್ರ್ಯಾಂಕ್ ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಬಿಚ್ಚಲು ಪ್ರೆಸ್ ಬೇಕು, ಜೋಡಿಸಿದಮೇಲೆ ಲೇತ್‌ನಲ್ಲಿ ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತೇನೆ ಅನ್ನುವವರಿಗೆ ಕೊಡಬೇಡಿ. ಕೆಲಸ ಒಪ್ಪಿಸುವಾಗ "ಡಯಲ್ ಗೇಜ್ ಇದೆಯಾ, ನನ್ನೆದುರೇ ತೋರಿಸ್ತೀರಾ?" ಅಂತ ಕೇಳಿ. ಇದೆ ಅನ್ನುವವರು ಖುಷಿಯಿಂದಲೇ ತೋರಿಸುತ್ತಾರೆ.